ಸಾಮಾನ್ಯ ಕ್ಲೋಜರ್ ಕೋಡ್‌ನಿಂದ ಟ್ರಾನ್ಸಾಕ್ಷನ್ ಫಂಕ್ಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಡೇಟಾಮಿಕ್ ಎಂಬ ಡೇಟಾಬೇಸ್ ಬಳಸುವವರಿಗಾಗಿ ಬರೆದದ್ದು. ಮಾಮೂಲಿ ಕ್ಲೋಜರ್ ಫಂಕ್ಷನ್‌ನಿಂದ ಡೇಟಾಬೇಸ್‌ಗೆ ಹೋಗುವ ಟ್ರಾನ್ಸಾಕ್ಷನ್ ಫಂಕ್ಷನ್ ತಯಾರಿಸುವ ಮ್ಯಾಕ್ರೊವನ್ನು ಇಲ್ಲಿ ಜನರೇಟರ್ ಅನ್ನುತ್ತೇನೆ. ಕ್ಲೋಜರ್ ಭಾಷೆ ಬರುತ್ತದೆ, ಡೇಟಾಮಿಕ್‌ನಲ್ಲಿ ಸ್ಕೀಮಾ ಹಾಕಿ ಒಂದಷ್ಟು ಡೇಟಾ ಬರೆದಿದ್ದೀರಿ ಅಂದುಕೊಂಡಿದ್ದೇನೆ. ಬೇರೆ ಡೇಟಾಬೇಸ್‌ಗಳ ಮಾತು ಕೊನೆಯ ಕಡೆಗೆ ಸ್ವಲ್ಪ ಬರುತ್ತದೆ.

ಟ್ರಾನ್ಸಾಕ್ಷನ್ ಫಂಕ್ಷನ್ ಅಂದರೆ ಏನು?

ಡೇಟಾಮಿಕ್‌ನಲ್ಲಿ ಓದುವವರು ಬೇರೆ, ಬರೆಯುವವರು ಬೇರೆ. ಓದುವ ಕೆಲಸ ನಿಮ್ಮ ಆ್ಯಪ್ ಒಳಗೇ ಕೂತಿರುವ ಪಿಯರ್ ಲೈಬ್ರರಿಯದು. ಬರೆಯುವುದೆಲ್ಲ ಟ್ರಾನ್ಸಾಕ್ಟರ್ ಎಂಬ ಒಂದೇ ಪ್ರೊಸೆಸ್ ಮೂಲಕ ಹೋಗುತ್ತದೆ. ಅದು ಬಂದ ಟ್ರಾನ್ಸಾಕ್ಷನ್‌ಗಳನ್ನು ಒಂದಾದ ಮೇಲೆ ಒಂದರಂತೆ ನಡೆಸುತ್ತದೆ, ಎರಡನ್ನು ಒಟ್ಟಿಗೆ ನಡೆಸುವುದೇ ಇಲ್ಲ.

ಟ್ರಾನ್ಸಾಕ್ಷನ್ ಫಂಕ್ಷನ್ ಓಡುವುದು ಈ ಟ್ರಾನ್ಸಾಕ್ಟರ್ ಒಳಗೆ. ಡೇಟಾಬೇಸ್‌ನ ಆ ಹೊತ್ತಿನ ಸ್ಥಿತಿ ಅದಕ್ಕೆ ಮೊದಲ ಆರ್ಗ್ಯುಮೆಂಟ್ ಆಗಿ ಸಿಗುತ್ತದೆ. ಅದನ್ನು ನೋಡಿ, ಏನು ಬರೆಯಬೇಕು ಅನ್ನುವ ಪಟ್ಟಿಯನ್ನು ಅದು ವಾಪಸ್ ಕೊಡುತ್ತದೆ. ತಾನಾಗಿ ಏನನ್ನೂ ಬರೆಯುವುದಿಲ್ಲ. ಆ ಪಟ್ಟಿಯಲ್ಲಿ ಇನ್ನೊಂದು ಫಂಕ್ಷನ್‌ನ ಕರೆ ಇದ್ದರೆ ಅದೂ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಉಳಿಯುವುದು ಬರೀ ಸೇರಿಸು, ತೆಗೆ ಅನ್ನುವ ಸೂಚನೆಗಳು.

ಕರೆಯುವುದು ಹೀಗೆ:

    [:ಸೀಟು/ಕಾದಿರಿಸು ಶೋ-ಐಡಿ 2]

ಡೇಟಾಬೇಸ್ ಆರ್ಗ್ಯುಮೆಂಟನ್ನು ನೀವು ಕಳಿಸಬೇಕಿಲ್ಲ, ಟ್ರಾನ್ಸಾಕ್ಟರ್ ತಾನೇ ಸೇರಿಸಿಕೊಳ್ಳುತ್ತದೆ.

ಪಿಯರ್‌ನಲ್ಲೇ ಓದಿ, ಲೆಕ್ಕ ಹಾಕಿ, ಉತ್ತರ ಕಳಿಸಿದರೆ ಸಾಲದಾ?

ಎಷ್ಟೋ ಸಲ ಸಾಕು. ಆದರೆ ಉಳಿದಿರುವುದು 2 ಸೀಟು, ಇಬ್ಬರು ಒಂದೇ ಸಲಕ್ಕೆ ಎರಡೆರಡು ಸೀಟು ಕೇಳಿದರು ಅಂದುಕೊಳ್ಳಿ. ಎರಡು ಪಿಯರ್‌ಗಳೂ "2 ಇದೆ" ಅಂತ ಓದುತ್ತವೆ, ಎರಡೂ "ಇನ್ನು 0" ಅಂತ ಬರೆದು ಕಳಿಸುತ್ತವೆ. ಟ್ರಾನ್ಸಾಕ್ಟರ್ ಎರಡನ್ನೂ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಮಾರಿದ್ದು 4, ಇದ್ದಿದ್ದು 2.

ಒಂದೇ ಆಟ್ರಿಬ್ಯೂಟ್‌ನ ಮಾತಾದರೆ ಡೇಟಾಮಿಕ್ ಜೊತೆಗೇ ಬರುವ ಸಿಎಎಸ್ (ಕಂಪೇರ್ ಆ್ಯಂಡ್ ಸ್ವಾಪ್) ಸಾಕು. "ಈಗಲೂ 2 ಇದ್ದರೆ ಮಾತ್ರ 0 ಮಾಡು" ಅಂತ ಅದು ನೋಡಿಕೊಳ್ಳುತ್ತದೆ. ವಿಫಲವಾದರೆ ಮತ್ತೆ ಓದಿ ಮತ್ತೆ ಪ್ರಯತ್ನಿಸಿ. ಮೊದಲು ಸಿಎಎಸ್‌ನಿಂದ ಆಗುತ್ತದಾ ಅಂತಲೇ ನೋಡಿ. ನಿಯಮ ಎರಡು ಮೂರು ಎಂಟಿಟಿಗಳನ್ನು ಮುಟ್ಟಿದಾಗ, ಅಥವಾ ಪೈಪೋಟಿ ಜಾಸ್ತಿಯಾಗಿ ಮರುಪ್ರಯತ್ನವೇ ಮುಗಿಯದಿದ್ದಾಗ ಸ್ವಂತ ಫಂಕ್ಷನ್ ಬೇಕಾಗುತ್ತದೆ.

ನೇರವಾಗಿ ಬರೆಯಬಹುದಲ್ವಾ? ಜನರೇಟ್ ಮಾಡುವುದು ಯಾಕೆ?

ಬರೆಯಬಹುದು. ಡೇಟಾಮಿಕ್ ಎಪಿಐನಲ್ಲಿ ಇದಕ್ಕೆಂದೇ ಫಂಕ್ಷನ್ ಕಟ್ಟುವ ಒಂದು ಕರೆ ಇದೆ. ಭಾಷೆ ಯಾವುದು, ಪ್ಯಾರಾಮೀಟರ್ ಯಾವುವು, ಯಾವ ನೇಮ್‌ಸ್ಪೇಸ್ ಬೇಕು, ಯಾವ ಜಾವಾ ಕ್ಲಾಸ್ ಬೇಕು, ಕೋಡ್ ಏನು ಎಂಬ ಮ್ಯಾಪ್ ಅದಕ್ಕೆ ಕೊಡಬೇಕು. ಸಿಕ್ಕಿದ್ದನ್ನು ಒಂದು ಐಡೆಂಟ್ (ಕರೆಯಲು ಬಳಸುವ ಕೀವರ್ಡ್ ಹೆಸರು) ಜೊತೆ ಡೇಟಾಬೇಸ್‌ಗೆ ಬರೆದರೆ ಆಯಿತು.

ತೊಂದರೆ ಇರುವುದು ಆ ಕೋಡ್ ಬರೆಯುವ ರೀತಿಯಲ್ಲಿ. ಅದು ಕೋಟ್ ಮಾಡಿದ ಫಾರ್ಮ್, ಇಲ್ಲವೇ ಸುಮ್ನೆ ಒಂದು ಸ್ಟ್ರಿಂಗ್. ಕಂಪೈಲರ್ ಪಾಲಿಗೆ ಅದು ಕೋಡ್ ಅಲ್ಲ, ಡೇಟಾ. ಹೆಸರು ತಪ್ಪಾಗಿದ್ದರೂ ನಿಮ್ಮ ಕಡೆ ಯಾರೂ ಹೇಳುವುದಿಲ್ಲ. ಲಿಂಟರ್ ಸುಮ್ಮನಿರುತ್ತದೆ, ಎಡಿಟರ್‌ನಲ್ಲಿ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಎಲ್ಲಿಗೂ ಹೋಗುವುದಿಲ್ಲ, ಟೆಸ್ಟ್‌ನಲ್ಲಿ ನೇರ ಕರೆಯಲು ಆಗುವುದಿಲ್ಲ. ಎಲ್ಲರ ಬರಹವನ್ನೂ ಸರದಿಯಲ್ಲಿ ನಿಲ್ಲಿಸುವ ಜಾಗದಲ್ಲಿ ಓಡುವ ಕೋಡಿಗೇ ಪರಿಶೀಲನೆ ಅತಿ ಕಡಿಮೆ!

ಜನರೇಟರ್‌ನ ಉದ್ದೇಶ ಇದನ್ನು ಸರಿಮಾಡುವುದು. ನೀವು ಮಾಮೂಲಿ ಫಂಕ್ಷನ್ ಬರೆಯುತ್ತೀರಿ. ಅದೇ ಬರಹದಿಂದ ಒಂದು ಕಂಪೈಲ್ ಆದ ಫಂಕ್ಷನ್, ಒಂದು ಡೇಟಾಬೇಸ್‌ಗೆ ಹೋಗುವ ಮ್ಯಾಪ್, ಎರಡೂ ಹುಟ್ಟುತ್ತವೆ.

ಈಗಾಗಲೇ ಇರುವ ಫಂಕ್ಷನನ್ನೇ ಹಾಗೇ ಡೇಟಾಬೇಸ್‌ಗೆ ಹಾಕಲು ಆಗಲ್ವಾ?

ಆಗುವುದಿಲ್ಲ. ಕಂಪೈಲ್ ಆದ ಮೇಲೆ ಕ್ಲೋಜರ್ ಫಂಕ್ಷನ್ ಒಂದು ಜೆವಿಎಂ ಕ್ಲಾಸ್. ಒಳಗಿರುವುದು ಬೈಟ್‌ಕೋಡ್. ಅದರಿಂದ ಮೂಲ ಬರಹ ವಾಪಸ್ ಸಿಗುವುದಿಲ್ಲ. ಬರಹ ಕೈಯಲ್ಲಿರುವುದು ಕಂಪೈಲ್ ಆಗುವ ಮೊದಲು ಮಾತ್ರ, ಅಂದರೆ ಮ್ಯಾಕ್ರೊ ಓಡುವ ಹೊತ್ತಿನಲ್ಲಿ.

ಇನ್ನೊಂದು ಅಡ್ಡದಾರಿ ಇದೆ. ಫಂಕ್ಷನ್‌ನ ಹೆಸರನ್ನು ಹಿಡಿದಿಡುವ ವಾರ್‌ನ (var) ಮೆಟಾಡೇಟಾದಲ್ಲಿ ಫೈಲ್ ಹೆಸರು, ಸಾಲಿನ ನಂಬರ್ ಇರುತ್ತದೆ. ಅದನ್ನು ಹಿಡಿದು ಮೂಲ ಫೈಲ್ ತೆರೆದು ಓದಬಹುದು. ರೆಪಲ್‌ನಲ್ಲಿ (ಕೋಡ್ ಟೈಪ್ ಮಾಡಿ ಕೂಡಲೇ ಓಡಿಸುವ ಕಡೆ) ಸೋರ್ಸ್ ತೋರಿಸುವ ಮ್ಯಾಕ್ರೊ ಮಾಡುವುದು ಇದನ್ನೇ. ಆದರೆ ರೆಪಲ್‌ನಲ್ಲೇ ಟೈಪ್ ಮಾಡಿದ ಫಂಕ್ಷನ್‌ಗೆ ಫೈಲೇ ಇರುವುದಿಲ್ಲ. ಕಂಪೈಲ್ ಮಾಡಿ ಕ್ಲಾಸ್‌ಗಳನ್ನಷ್ಟೇ ಜಾರ್‌ಗೆ ತುಂಬಿದ್ದರೆ ಅಲ್ಲೂ ಸೋರ್ಸ್ ಸಿಗುವುದಿಲ್ಲ. ಮ್ಯಾಕ್ರೊ ದಾರಿಯೇ ವಾಸಿ.

ಹಾಗಾದರೆ ಆ ಮ್ಯಾಕ್ರೊ ಏನು ಮಾಡಬೇಕು?

ಹೆಸರು, ಪ್ಯಾರಾಮೀಟರ್ ಪಟ್ಟಿ, ಬಾಡಿ ತೆಗೆದುಕೊಳ್ಳಬೇಕು. ಅದರಿಂದ ಮೊದಲು ಎಂದಿನ ಡೆಫ್‌ಎನ್ ಹೊರಡಿಸಬೇಕು. ಆಮೇಲೆ ಅದೇ ಬಾಡಿಯನ್ನು ಕೋಟ್ ಮಾಡಿ ಡೇಟಾಬೇಸ್‌ನ ಮ್ಯಾಪ್ ಕಟ್ಟಿ, ಅದನ್ನು ವಾರ್‌ನ ಮೆಟಾಡೇಟಾದಲ್ಲೋ ಇನ್ನೊಂದು ವಾರ್‌ನಲ್ಲೋ ಇಡಬೇಕು. ಇಷ್ಟು ಒಂದು ಸಂಜೆಯ ಕೆಲಸ. ಉಳಿದ ಶ್ರಮವೆಲ್ಲ ಯಾವುದನ್ನು ಬೇಡ ಅನ್ನಬೇಕು ಎಂಬುದರಲ್ಲಿದೆ. ಜಾಣತನ ಮಾಡಿ ಎಲ್ಲವನ್ನೂ ನುಂಗುವ ಜನರೇಟರ್‌ಗಿಂತ, ಅನುಮಾನ ಬಂದ ಕೂಡಲೇ ಕಂಪೈಲ್ ಹೊತ್ತಿನಲ್ಲೇ ನಿಲ್ಲುವ ಜನರೇಟರ್ ಮೇಲು ಅನ್ನುವುದು ನನ್ನ ಪಕ್ಷ.

ಉದಾಹರಣೆಗೆ, ಒಂದೇ ಹೆಸರಿಗೆ ಹಲವು ಪ್ಯಾರಾಮೀಟರ್ ಪಟ್ಟಿಗಳಿರುವ ಫಂಕ್ಷನ್. ಡೇಟಾಮಿಕ್ ಮ್ಯಾಪ್‌ನಲ್ಲಿ ಇರುವುದು ಒಂದೇ ಪಟ್ಟಿಗೆ ಜಾಗ. ಇಂಥದ್ದು ಕಂಡರೆ ಎಕ್ಸೆಪ್ಷನ್ ಎಸೆದು ಮುಗಿಸಿ.

ಅಲಿಯಾಸ್‌ಗಳ ಕಥೆ ಏನು?

ನಿಮ್ಮ ಫೈಲ್‌ನಲ್ಲಿ ಬೇರೆ ನೇಮ್‌ಸ್ಪೇಸ್‌ಗಳಿಗೆ ಅಲಿಯಾಸ್ (ಗಿಡ್ಡ ಹೆಸರು) ಇರುತ್ತದೆ. ಟ್ರಾನ್ಸಾಕ್ಟರ್‌ಗೆ ಅದು ಗೊತ್ತಿಲ್ಲ. ಇಲ್ಲಿ ಬಹಳ ಜನ ಸಿಂಟ್ಯಾಕ್ಸ್ ಕೋಟ್ ಕಡೆ ಓಡುತ್ತಾರೆ, ಅದು ಎಲ್ಲ ಹೆಸರುಗಳಿಗೂ ಪೂರ್ತಿ ನೇಮ್‌ಸ್ಪೇಸ್ ಹಚ್ಚುತ್ತದಲ್ಲ ಅಂತ. ಹಚ್ಚುತ್ತದೆ ನಿಜ, ಆದರೆ ಲೆಟ್ ಒಳಗಿನ ಲೋಕಲ್ ಹೆಸರಿಗೂ ಹಚ್ಚುತ್ತದೆ. ಆಮೇಲೆ ಕಂಪೈಲರ್ ನೇಮ್‌ಸ್ಪೇಸ್ ಇರುವ ಹೆಸರಿಗೆ ಲೆಟ್ ಮಾಡಲಾಗದು ಅಂತ ಕೈಚೆಲ್ಲುತ್ತದೆ.

ಸ್ವಂತವಾಗಿ ಬಾಡಿಯಲ್ಲಿ ಓಡಾಡಿ ಪ್ರತಿ ಸಿಂಬಲ್ ಬಿಡಿಸಲು ಹೋದರೂ ಇದೇ ಗುಂಡಿ. ಪ್ಯಾರಾಮೀಟರ್‌ಗೆ "ನೇಮ್" ಅಥವಾ "ಕೌಂಟ್" ಅಂತ ಹೆಸರಿಟ್ಟಿದ್ದರೆ, ಅದನ್ನು ಕ್ಲೋಜರ್ ಕೋರ್‌ನ ಫಂಕ್ಷನ್ ಅಂತ ತಪ್ಪು ತಿಳಿಯುತ್ತದೆ. ಲೋಕಲ್ ಯಾವುದು, ಹೊರಗಿನದು ಯಾವುದು ಅಂತ ಸರಿಯಾಗಿ ಗೊತ್ತಾಗಬೇಕಾದರೆ ಟೂಲ್ಸ್ ಅನಲೈಜರ್ ಥರದ ಲೈಬ್ರರಿ ಬೇಕು.

ಅಷ್ಟು ದೂರ ಹೋಗದೆ ಮುಗಿಸುವ ದಾರಿಯೂ ಉಂಟು. ಬಾಡಿಯಲ್ಲಿ ಓರೆಗೆರೆ ಇರುವ ಸಿಂಬಲ್‌ಗಳನ್ನು ಮಾತ್ರ ಆರಿಸಿ. ಎಡಭಾಗ ಈಗಿನ ನೇಮ್‌ಸ್ಪೇಸ್‌ನ ಅಲಿಯಾಸ್ ಪಟ್ಟಿಯಲ್ಲಿದೆಯಾ ನೋಡಿ. ಇದ್ದರೆ ಆ ನೇಮ್‌ಸ್ಪೇಸ್ ಮತ್ತು ಅಲಿಯಾಸ್ ಎರಡನ್ನೂ ಮ್ಯಾಪ್‌ನ ರಿಕ್ವೈರ್ಸ್ ಭಾಗಕ್ಕೆ ಸೇರಿಸಿ. ಕೋಡನ್ನು ಮುಟ್ಟುವುದೇ ಬೇಡ. ರೆಫರ್ ಮಾಡಿ ತಂದ, ಓರೆಗೆರೆ ಇಲ್ಲದ ಹೆಸರುಗಳಿಗೆ ಇದು ಒದಗುವುದಿಲ್ಲ, ಅಂಥವನ್ನು ಬಳಸಬೇಡಿ ಎಂಬ ನಿಯಮ ಇಟ್ಟುಕೊಂಡರೆ ಸಾಕು. ಜಾವಾ ಕ್ಲಾಸ್‌ಗಳ ಗಿಡ್ಡ ಹೆಸರುಗಳಿಗೂ ಇದೇ ಉಪಾಯ, ಅವು ಇಂಪೋರ್ಟ್ಸ್ ಭಾಗಕ್ಕೆ ಹೋಗುತ್ತವೆ.

ರಿಕ್ವೈರ್ ಮಾಡಿದ್ದು ಟ್ರಾನ್ಸಾಕ್ಟರ್‌ನ ಕ್ಲಾಸ್‌ಪಾತ್‌ನಲ್ಲಿ (ಅದು ಕೋಡ್ ಹುಡುಕುವ ಜಾಗಗಳಲ್ಲಿ) ಇರಲೇಬೇಕು. ಕ್ಲೋಜರ್ ಜೊತೆ ಬರುವ ಸ್ಟ್ರಿಂಗ್, ಸೆಟ್ ನೇಮ್‌ಸ್ಪೇಸ್‌ಗಳು ಇರುತ್ತವೆ. ನಿಮ್ಮ ಪ್ರಾಜೆಕ್ಟ್‌ನ ನೇಮ್‌ಸ್ಪೇಸ್‌ಗಳು ಇರುವುದಿಲ್ಲ.

ನನ್ನ ಸಹಾಯಕ ಫಂಕ್ಷನ್‌ಗಳನ್ನು ಒಳಗೆ ಕರೆಯಬಹುದಾ?

ಜಾಸ್ತಿ ಜನ ಎಡವುವ ಜಾಗ ಇದು. ಟೆಸ್ಟ್‌ನಲ್ಲಿ ಕರೆದಾಗ ಎಲ್ಲ ಸರಿ ಇರುತ್ತದೆ, ಯಾಕಂದರೆ ಸಹಾಯಕ ಅಲ್ಲೇ ಪಕ್ಕದಲ್ಲಿದೆ. ಟ್ರಾನ್ಸಾಕ್ಟರ್‌ಗೆ ಹೋದಾಗ ಆ ಹೆಸರೇ ಸಿಗುವುದಿಲ್ಲ.

ಮೂರು ದಾರಿಗಳಿವೆ. ಸಹಾಯಕರನ್ನು ಹುಡುಕಿ ತಂದು ಬಾಡಿಯ ಸುತ್ತ ಲೆಟ್‌ಎಫ್‌ಎನ್ ಆಗಿ ಸುತ್ತುವುದು ಒಂದು. ಸಹಾಯಕರಿಗೂ ಸಹಾಯಕರಿರುತ್ತಾರೆ, ಹಾಗಾಗಿ ಬಾಲ ಹಿಡಿದು ಕೊನೆತನಕ ಹೋಗಬೇಕು. ಇದನ್ನು ಪೂರ್ತಿ ತಾನಾಗಿಯೇ ಮಾಡುವ ಜನರೇಟರ್ ನೋಡಲು ಚೆಂದ. ಆದರೆ ನಾಲ್ಕು ಸಾಲಿನ ಫಂಕ್ಷನ್ ಜೊತೆ ಅರ್ಧ ಪ್ರಾಜೆಕ್ಟ್ ಡೇಟಾಬೇಸ್‌ಗೆ ಹೋಗಿ ಕೂತಿದ್ದು ಯಾರಿಗೂ ತಿಳಿಯುವುದಿಲ್ಲ. ಸಹಾಯಕರ ಹೆಸರನ್ನು ಕೈಯಾರೆ ಬರೆಯಿಸಿಕೊಳ್ಳುವ ಮ್ಯಾಕ್ರೊ ಆದರೆ ಒಪ್ಪುತ್ತೇನೆ.

ಎರಡನೆಯದು, ಸಹಾಯಕನನ್ನೂ ಡೇಟಾಬೇಸ್ ಫಂಕ್ಷನ್ ಆಗಿ ಬರೆದು, ಎಪಿಐನ ಇನ್‌ವೋಕ್ ಮೂಲಕ ಐಡೆಂಟ್ ಹೇಳಿ ಕರೆಯುವುದು. ಒಂದೇ ಸಹಾಯಕನನ್ನು ಹತ್ತು ಕಡೆ ಬಳಸುವುದಿದ್ದರೆ ಇದು ಚೆನ್ನ. ಮೂರನೆಯದು, ಸಹಾಯಕರನ್ನು ಒಂದು ಚಿಕ್ಕ ಜಾರ್ ಮಾಡಿ ಟ್ರಾನ್ಸಾಕ್ಟರ್‌ನ ಕ್ಲಾಸ್‌ಪಾತ್‌ಗೆ ಹಾಕುವುದು. ಅಷ್ಟು ಮಾಡುವುದಾದರೆ ಜನರೇಟರ್ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಅದು ಮುಂದಿದೆ.

ಮ್ಯಾಕ್ರೊಗಳು?

ಕ್ಲೋಜರ್ ಕೋರ್‌ನ ಮ್ಯಾಕ್ರೊಗಳಿಗೆ ಚಿಂತೆ ಬೇಡ, ಅವು ಆ ಕಡೆಯೂ ಇವೆ. ನಿಮ್ಮ ಸ್ವಂತದವನ್ನು ಮೊದಲೇ ಬಿಚ್ಚಿ ಕಳಿಸಬೇಕು. ಕ್ಲೋಜರ್ ವಾಕ್‌ನಲ್ಲಿರುವ ಮ್ಯಾಕ್ರೊಎಕ್ಸ್‌ಪ್ಯಾಂಡ್ ಆಲ್ ಇದಕ್ಕೆ ಸರಿಹೋಗದು. ಕೋಟ್ ಆಗಿದೆಯಾ, ಲೋಕಲ್ ಹೆಸರು ಮ್ಯಾಕ್ರೊದ ಹೆಸರನ್ನು ಮುಚ್ಚಿದೆಯಾ ಎಂದೆಲ್ಲ ಅದು ನೋಡುವುದಿಲ್ಲ.

ಹೊರಗಿನ ಡೆಫ್ ಅಥವಾ ಕಾನ್ಫಿಗ್ ಬೆಲೆ ಬಳಸಬಹುದಾ?

ಬೇಡ. ಆರ್ಗ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡೇಟಾಬೇಸ್‌ನಲ್ಲೇ ಒಂದು ಎಂಟಿಟಿಯಾಗಿ ಇಟ್ಟು ಅಲ್ಲಿಂದ ಓದಿ.

ರೆಪಲ್‌ನಿಂದ ಹಾಕಿದರೆ ಕೆಡುತ್ತದೆ, ಬಿಲ್ಡ್‌ನಿಂದ ಹಾಕಿದರೆ ಸರಿ ಇರುತ್ತದೆ. ಯಾಕೆ?

ಮೊದಲು ಪ್ರಿಂಟ್ ಲೆಂತ್ ಎಂಬ ಡೈನಮಿಕ್ ವಾರ್ ನೋಡಿ. ರೆಪಲ್‌ನಲ್ಲಿ ಉದ್ದ ಪಟ್ಟಿಗಳು ಪರದೆ ತುಂಬದಿರಲಿ ಅಂತ ಅದಕ್ಕೆ 50ಕ್ಕೋ 100ಕ್ಕೋ ಮಿತಿ ಹಾಕಿರುತ್ತೇವೆ. ಜನರೇಟರ್ ಕೋಡನ್ನು ಸ್ಟ್ರಿಂಗ್ ಮಾಡುವಾಗ ಅದೇ ಮಿತಿ ಅಲ್ಲೂ ಬೀಳುತ್ತದೆ. ಮಿತಿ ದಾಟಿದ ಪಟ್ಟಿಯ ಬಾಲ ಹೋಗಿ, ಆ ಜಾಗದಲ್ಲಿ ಮೂರು ಚುಕ್ಕಿ ಬರುತ್ತವೆ. ಪ್ರಿಂಟ್ ಲೆವೆಲ್ ಎಂಬುದು ಆಳದ ವಿಷಯದಲ್ಲಿ ಇದೇ ತಂಟೆ ಮಾಡುತ್ತದೆ. ಸ್ಟ್ರಿಂಗ್ ಮಾಡುವ ಮುಂಚೆ ಎರಡನ್ನೂ ನಿಲ್‌ಗೆ ಬೈಂಡ್ ಮಾಡಿ. ಜನರೇಟರ್‌ನಲ್ಲಿ ಈ ಸಾಲು ಇಲ್ಲದಿದ್ದರೆ ಇವತ್ತೇ ಸೇರಿಸಿ.

ಪ್ರಿಂಟ್ ಮಾಡುವಾಗ ಕಳೆದುಹೋಗುವ ಇನ್ನೊಂದು ವಸ್ತು ಮೆಟಾಡೇಟಾ. ಟೈಪ್ ಹಿಂಟ್‌ಗಳೂ ಮೆಟಾಡೇಟಾವೇ. ಪ್ರಿಂಟ್ ಮೆಟಾ ಆನ್ ಮಾಡದಿದ್ದರೆ ಅವು ಬಿದ್ದುಹೋಗುತ್ತವೆ. ಕೋಡ್ ಓಡುತ್ತದೆ, ಆದರೆ ರಿಫ್ಲೆಕ್ಷನ್ ಮೂಲಕ, ಅಂದರೆ ನಿಧಾನವಾಗಿ. ಎಲ್ಲೂ ದೋಷ ಕಾಣದೆ ಬರೀ ನಿಧಾನ ಆಗುವ ಇಂಥದ್ದನ್ನು ಪತ್ತೆ ಹಚ್ಚುವುದು ಕಷ್ಟ.

ಫಂಕ್ಷನ್‌ಗಳನ್ನು ಇಡಿಎನ್ (ಕ್ಲೋಜರ್ ಡೇಟಾ ಬರೆದಿಡುವ ರೂಪ) ಫೈಲ್‌ಗೆ ಬರೆದಿಡುವ ಅಭ್ಯಾಸವಿದ್ದರೆ ಇನ್ನೊಂದು ಎಚ್ಚರಿಕೆ. ಇಡಿಎನ್‌ನಲ್ಲಿ ರೆಜೆಕ್ಸ್ ಬರಹಕ್ಕೆ ಜಾಗವಿಲ್ಲ, ಕೋಟ್‌ನ ಗಿಡ್ಡ ಗುರುತೂ ಕ್ಲೋಜರ್‌ನಲ್ಲಿ ಇರುವ ಅರ್ಥದಲ್ಲಿ ಇಲ್ಲ. ಇಡೀ ಕೋಡನ್ನು ಸ್ಟ್ರಿಂಗ್ ಆಗಿ ಇಟ್ಟರೆ ಈ ಗೊಡವೆ ಇಲ್ಲ. ಎರಡು ಕೋಲನ್ ಹಾಕಿ ಬರೆವ ಕೀವರ್ಡ್‌ಗಳಿಗೆ ಹೆದರಬೇಕಿಲ್ಲ, ಮ್ಯಾಕ್ರೊ ನೋಡುವ ಹೊತ್ತಿಗೆ ರೀಡರ್ ಅವನ್ನು ಪೂರ್ತಿ ಹೆಸರಿಗೆ ಬಿಡಿಸಿರುತ್ತದೆ.

ನನ್ನ ಕ್ಲೋಜರ್ ಹೊಸದು, ಟ್ರಾನ್ಸಾಕ್ಟರ್‌ನದು ಹಳೆಯದು. ಪರವಾಗಿಲ್ವಾ?

ಟ್ರಾನ್ಸಾಕ್ಟರ್ ತನ್ನದೇ ಕ್ಲೋಜರ್ ಜೊತೆ ಬರುತ್ತದೆ. ನಿಮ್ಮ ಫಂಕ್ಷನ್ ಅದರಲ್ಲೇ ಕಂಪೈಲ್ ಆಗಬೇಕು. 2022ರಲ್ಲಿ ಬಂದ 1.11ರಲ್ಲಿ ಪಾರ್ಸ್ ಲಾಂಗ್, ಅಪ್‌ಡೇಟ್ ವ್ಯಾಲ್ಸ್ ಸೇರಿದವು. ಅವನ್ನು ಬಳಸಿ, ಆ ಕಡೆ 1.10 ಇದ್ದರೆ ಹೆಸರೇ ಸಿಗುವುದಿಲ್ಲ. ಟ್ರಾನ್ಸಾಕ್ಟರ್‌ನ ಆವೃತ್ತಿಯಲ್ಲೇ ಟೆಸ್ಟ್‌ಗಳನ್ನು ಒಮ್ಮೆ ಓಡಿಸಿ.

ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಫಂಕ್ಷನನ್ನು ಎರಡು ಸಲ ಕರೆದೆ. ಕೆಲಸ ಒಂದೇ ಸಲ ಆಯಿತು!

ಇದು ಜನರೇಟರ್‌ನ ದೋಷ ಅಲ್ಲ, ಡೇಟಾಮಿಕ್‌ನ ಸ್ವಭಾವ. ಒಂದು ಟ್ರಾನ್ಸಾಕ್ಷನ್‌ನಲ್ಲಿರುವ ಎಲ್ಲ ಫಂಕ್ಷನ್‌ಗಳಿಗೂ ಸಿಗುವುದು ಆ ಟ್ರಾನ್ಸಾಕ್ಷನ್ ಶುರುವಾಗುವ ಮುಂಚಿನ ಡೇಟಾಬೇಸ್. ಒಂದು ಮಾಡಿದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ದಾಸ್ತಾನು 10 ಇದೆ. "1 ಇಳಿಸು" ಎಂದು ಎರಡು ಸಲ ಕರೆದಿರಿ. ಎರಡೂ 10 ಓದಿ, ಎರಡೂ "9 ಮಾಡು" ಅನ್ನುತ್ತವೆ. ಎರಡೂ ಒಂದೇ ಡೇಟಮ್ (ಡೇಟಾಬೇಸ್‌ನ ಒಂದು ಬಿಡಿ ಸಂಗತಿ), ಹಾಗಾಗಿ ಒಂದರಲ್ಲಿ ಒಂದು ಸೇರಿಹೋಗುತ್ತವೆ. ದೋಷದ ಸುದ್ದಿಯೇ ಇಲ್ಲ, ಉತ್ತರ ಮಾತ್ರ ತಪ್ಪು.

ಒಂದು ಕರೆ 1 ಇಳಿಸಿ ಇನ್ನೊಂದು 3 ಇಳಿಸಿದ್ದರೆ ನಿಮ್ಮ ಪುಣ್ಯ. ಆಗ 9 ಮತ್ತು 7 ಎರಡೂ ಬಂದು, ಡೇಟಮ್‌ಗಳು ಹೊಂದುತ್ತಿಲ್ಲ ಅಂತ ಟ್ರಾನ್ಸಾಕ್ಷನ್ ಬೀಳುತ್ತದೆ, ನಿಮಗೂ ತಿಳಿಯುತ್ತದೆ.

ಹಾಗಾಗಿ ಫಂಕ್ಷನ್‌ಗಳನ್ನು ಗುಂಪಿನ ಲೆಕ್ಕದಲ್ಲಿ ಬರೆಯಿರಿ. "ಈ ವಸ್ತು ಇಷ್ಟು ಇಳಿಸು" ಬದಲು "ಈ ಪಟ್ಟಿಯಲ್ಲಿರುವುದನ್ನೆಲ್ಲ ಇಳಿಸು" ಅಂತ. ಒಂದೇ ವಸ್ತು ಪಟ್ಟಿಯಲ್ಲಿ ಎರಡು ಸಲ ಬಂದಿದ್ದರೆ ಕೂಡಿಸುವುದು ಆ ಫಂಕ್ಷನ್‌ನ ಹೊಣೆ.

ಹೊಸ ಎಂಟಿಟಿಗೆ ತಾತ್ಕಾಲಿಕವಾಗಿ ಕೊಡುವ ಟೆಂಪ್‌ಐಡಿ ವಿಷಯವೂ ಇದಕ್ಕೆ ಹತ್ತಿರದ್ದೇ. ಫಂಕ್ಷನ್ ಒಳಗೆ "ಹೊಸ-ಆರ್ಡರ್" ಅಂತ ಸ್ಟ್ರಿಂಗ್ ಟೆಂಪ್‌ಐಡಿ ಇಟ್ಟರೆ, ಎರಡು ಕರೆಗಳ ಎರಡು ಆರ್ಡರ್‌ಗಳೂ ಒಂದೇ ಎಂಟಿಟಿ ಆಗುತ್ತವೆ. ಟೆಂಪ್‌ಐಡಿಯನ್ನು ಕರೆಯುವವರೇ ಕೊಡಲಿ.

ಆರ್ಗ್ಯುಮೆಂಟ್ ಆಗಿ ಲುಕಪ್ ರೆಫ್ ಕಳಿಸಬಹುದಾ?

ಕಳಿಸಬಹುದು. ಲುಕಪ್ ರೆಫ್ ಅಂದರೆ ಐಡಿ ಬದಲು ಯೂನಿಕ್ ಆಟ್ರಿಬ್ಯೂಟ್ ಮತ್ತು ಅದರ ಬೆಲೆಯಿಂದ ಎಂಟಿಟಿಯನ್ನು ಗುರುತಿಸುವ ಜೋಡಿ. ಆದರೆ ಫಂಕ್ಷನ್‌ಗೆ ಅದು ಬರೀ ವೆಕ್ಟರ್ ಆಗಿಯೇ ತಲುಪುತ್ತದೆ. ಐಡಿಗೆ ಬಿಡಿಸಿಕೊಳ್ಳುವುದು ನಿಮ್ಮ ಕೆಲಸ. ಟೆಂಪ್‌ಐಡಿಯೂ ಬಿಡಿಸದೆಯೇ ಬರುತ್ತದೆ, ಅದನ್ನು ಹಿಡಿದು ಡೇಟಾಬೇಸ್‌ನಲ್ಲಿ ಹುಡುಕಲು ಹೋಗಬೇಡಿ.

ಟೆಸ್ಟ್ ಹೇಗೆ ಮಾಡುವುದು?

ಮೂರು ಹಂತದಲ್ಲಿ. ಮೆಮೊರಿಯಲ್ಲಿ ಒಂದು ಡೇಟಾಬೇಸ್ ಕಟ್ಟಿ, ಕಂಪೈಲ್ ಆದ ಫಂಕ್ಷನ್‌ಗೆ ಅದನ್ನು ಕೊಟ್ಟು ನೇರ ಕರೆಯಿರಿ. ಬಂದ ಪಟ್ಟಿ ಸರಿಯಿದೆಯಾ ನೋಡಿ. ತರ್ಕದ ತಪ್ಪುಗಳು ಇಲ್ಲೇ ಸಿಗುತ್ತವೆ. ಆಮೇಲೆ ಜನರೇಟ್ ಆದದ್ದನ್ನು ಅದೇ ಡೇಟಾಬೇಸ್‌ಗೆ ಬರೆದು, ಎಪಿಐನ ವಿತ್ ಮೂಲಕ ಕರೆಯಿರಿ. ವಿತ್ ನಿಜವಾಗಿ ಏನೂ ಉಳಿಸುವುದಿಲ್ಲ, ಉಳಿಸಿದ್ದರೆ ಡೇಟಾಬೇಸ್ ಹೇಗಿರುತ್ತಿತ್ತು ಅಂತ ತೋರಿಸುತ್ತದೆ.

ಮೂರನೆಯದನ್ನು ಬಿಡಬೇಡಿ. ಎರಡನೇ ಹಂತದಲ್ಲಿ ಫಂಕ್ಷನ್ ಓಡಿದ್ದು ನಿಮ್ಮದೇ ಪ್ರೊಸೆಸ್‌ನಲ್ಲಿ. ಅಲ್ಲಿ ನಿಮ್ಮ ನೇಮ್‌ಸ್ಪೇಸ್‌ಗಳೆಲ್ಲ ಲೋಡ್ ಆಗಿರುತ್ತವೆ. ಪೂರ್ತಿ ನೇಮ್‌ಸ್ಪೇಸ್ ಹೆಸರು ಹೇಳಿ ಕರೆದ ಸಹಾಯಕ ಅಲ್ಲಿ ಧಾರಾಳವಾಗಿ ಸಿಗುತ್ತಾನೆ, ಬೇರೆ ಕಡೆ ಸಿಗದಿದ್ದರೂ. ಹಾಗಾಗಿ ಬೇರೆಯೇ ಟ್ರಾನ್ಸಾಕ್ಟರ್ ಪ್ರೊಸೆಸ್ ಎಬ್ಬಿಸಿ, ಪ್ರತಿ ಫಂಕ್ಷನನ್ನೂ ಒಂದು ಸಲವಾದರೂ ಕರೆಯಿರಿ.

ನಿಯಮ ಮುರಿದರೆ ಟ್ರಾನ್ಸಾಕ್ಷನ್ ನಿಲ್ಲಿಸುವುದು ಹೇಗೆ?

ಎಕ್ಸೆಪ್ಷನ್ ಎಸೆದರೆ ಇಡೀ ಟ್ರಾನ್ಸಾಕ್ಷನ್ ಬೀಳುತ್ತದೆ. ಎಪಿಐನಲ್ಲಿ ಕ್ಯಾನ್ಸಲ್ ಎಂಬ ಕರೆಯೂ ಇದೆ, ಅದಕ್ಕೆ ಏನು ತಪ್ಪಾಯಿತು ಅಂತ ಹೇಳುವ ಅನಾಮಲಿ ಮ್ಯಾಪ್ ಕೊಡಬೇಕು. ಕರೆದವರಿಗೆ ಕಾರಣ ಡೇಟಾ ರೂಪದಲ್ಲಿ ಸಿಗುವುದರಿಂದ ಕ್ಯಾನ್ಸಲ್ ಬಳಸಿ.

ಒಳಗಿಂದ ಇಮೇಲ್ ಕಳಿಸುವುದು, ಹೊರಗಿನ ಎಪಿಐ ಕರೆಯುವುದು?

ಖಂಡಿತ ಬೇಡ. ನಿಮ್ಮ ಫಂಕ್ಷನ್ ಮುಗಿಯುವ ತನಕ ಎಲ್ಲರ ಬರಹವೂ ಸಾಲಿನಲ್ಲಿ ಕಾಯುತ್ತದೆ. ಇಮೇಲ್ ಹೋದ ಮೇಲೆ ಟ್ರಾನ್ಸಾಕ್ಷನ್ ಬಿದ್ದರೆ ಅದನ್ನು ವಾಪಸ್ ತರಲೂ ಆಗದು. ಭಾರಿ ಕ್ವೆರಿಗಳನ್ನೂ ಪಿಯರ್‌ನಲ್ಲಿ ಮಾಡಿ. ಉತ್ತರವನ್ನು ಆರ್ಗ್ಯುಮೆಂಟ್ ಆಗಿ ಕಳಿಸಿ, ಅದು ಈಗಲೂ ನಿಜವಾ ಅಂತ ಮಾತ್ರ ಫಂಕ್ಷನ್ ನೋಡಲಿ.

ಗಡಿಯಾರ ನೋಡುವುದು, ರ‍್ಯಾಂಡಮ್ ನಂಬರ್ ತೆಗೆಯುವುದು ಅಷ್ಟು ಅಪಾಯ ಅಲ್ಲ. ಡೇಟಾಮಿಕ್ ಲಾಗ್‌ನಲ್ಲಿ ಉಳಿಯುವುದು ಫಂಕ್ಷನ್‌ನ ಕರೆ ಅಲ್ಲ, ಅದರಿಂದ ಬಂದ ಡೇಟಮ್‌ಗಳು. ಆದರೂ ಟೆಸ್ಟ್ ಸುಲಭವಾಗಲಿ ಅನ್ನುವುದಾದರೆ ಅವನ್ನೂ ಹೊರಗಿಂದ ಕಳಿಸಿ.

ಕ್ಲಾಸ್‌ಪಾತ್ ಫಂಕ್ಷನ್ ಇದೆಯಲ್ಲ? ಇಷ್ಟೆಲ್ಲ ಯಾಕೆ?

ನ್ಯಾಯವಾದ ಪ್ರಶ್ನೆ. ಟ್ರಾನ್ಸಾಕ್ಟರ್‌ನ ಕ್ಲಾಸ್‌ಪಾತ್‌ನಲ್ಲಿ ಇರುವ ಮಾಮೂಲಿ ಫಂಕ್ಷನನ್ನು ಅದರ ಪೂರ್ತಿ ಹೆಸರಿನಿಂದಲೇ ಕರೆಯಬಹುದು. ಆಗ ಕೋಟ್ ಇಲ್ಲ, ಅಲಿಯಾಸ್ ರಗಳೆ ಇಲ್ಲ, ಸಹಾಯಕರೂ ಜೊತೆಗೇ ಹೋಗುತ್ತಾರೆ. ಡೇಟಾಮಿಕ್ ಕ್ಲೌಡ್‌ನಲ್ಲಂತೂ ಇದೇ ದಾರಿ. ಅಲ್ಲಿ ಸ್ವಂತ ಫಂಕ್ಷನ್‌ಗಳನ್ನು ಅಯಾನ್ ಎಂಬ ಅದರದೇ ವ್ಯವಸ್ಥೆಯ ಮೂಲಕ ಡಿಪ್ಲಾಯ್ ಮಾಡಿ, ಕಾನ್ಫಿಗ್‌ನ ಅನುಮತಿ ಪಟ್ಟಿಯಲ್ಲಿ ಹೆಸರು ಸೇರಿಸಬೇಕು.

ಇದರ ಬೆಲೆ ಏನೆಂದರೆ, ಫಂಕ್ಷನ್ ಬದಲಾದಾಗಲೆಲ್ಲ ಟ್ರಾನ್ಸಾಕ್ಟರ್‌ಗೆ ಹೊಸ ಜಾರ್ ಹಾಕಿ ಮತ್ತೆ ಶುರು ಮಾಡಬೇಕು. ಒಂದೇ ಟ್ರಾನ್ಸಾಕ್ಟರ್‌ನಲ್ಲಿ ಹಲವು ತಂಡಗಳ ಡೇಟಾಬೇಸ್ ಇದ್ದರೆ, ಅಥವಾ ಟ್ರಾನ್ಸಾಕ್ಟರ್ ನೋಡಿಕೊಳ್ಳುವವರು ಬೇರೆಯವರಾಗಿದ್ದರೆ ಅದು ಸುಲಭ ಅಲ್ಲ. ಡೇಟಾಬೇಸ್ ಒಳಗಿನ ಫಂಕ್ಷನ್‌ಗೆ ಇನ್ನೊಂದು ಅನುಕೂಲವಿದೆ: ಅದೂ ಡೇಟಾ ಆದ್ದರಿಂದ ಅದರ ಇತಿಹಾಸ ಉಳಿಯುತ್ತದೆ. ಯಾವ ದಿನ ಯಾವ ಕೋಡ್ ಇತ್ತು ಅಂತ ಹಿಂದಕ್ಕೆ ಹೋಗಿ ನೋಡಬಹುದು.

ನನ್ನನ್ನು ಕೇಳಿದರೆ: ಟ್ರಾನ್ಸಾಕ್ಟರ್ ನಿಮ್ಮ ಕೈಯಲ್ಲಿದ್ದು, ಸಹಾಯಕರು ಹೆಚ್ಚಿದ್ದರೆ ಕ್ಲಾಸ್‌ಪಾತ್. ಫಂಕ್ಷನ್‌ಗಳು ನಾಲ್ಕೈದೇ ಇದ್ದು, ಚಿಕ್ಕವಾಗಿದ್ದು, ಕ್ಲೋಜರ್ ಮತ್ತು ಡೇಟಾಮಿಕ್ ಎಪಿಐ ಬಿಟ್ಟು ಇನ್ನೇನೂ ಬೇಡವಾದರೆ ಜನರೇಟರ್. ಬರೀ "ಈ ಬೆಲೆ ಸರಿಯಿದೆಯಾ" ಅಂತ ನೋಡುವುದಾದರೆ ಎರಡೂ ಬೇಡ, ಆಟ್ರಿಬ್ಯೂಟ್ ಪ್ರೆಡಿಕೇಟ್ ಇದೆ.

ಪ್ರತಿ ಸಲ ಆ್ಯಪ್ ಶುರುವಾದಾಗ ಫಂಕ್ಷನ್ ಬರೆಯಬಹುದಾ?

ಅನಗತ್ಯ ಟ್ರಾನ್ಸಾಕ್ಷನ್‌ಗಳು ಬೆಳೆಯುತ್ತವೆ. ಕೋಡ್ ಸ್ಟ್ರಿಂಗ್‌ನ ಹ್ಯಾಶ್ ತೆಗೆದು, ಬದಲಾಗಿದ್ದರೆ ಮಾತ್ರ ಬರೆಯಿರಿ. ಸ್ಕೀಮಾ ಬದಲಾವಣೆಗಳನ್ನು ಒಂದೊಂದೇ ಸಲ ಹಾಕುವ ಕನ್‌ಫಾರ್ಮಿಟಿ ಲೈಬ್ರರಿ ಬಳಸುವವರು ಆ ಹ್ಯಾಶನ್ನು ನಾರ್ಮ್‌ನ (ಅಂಥ ಒಂದು ಬದಲಾವಣೆಯ) ಹೆಸರಿಗೇ ಸೇರಿಸಬಹುದು.

ಪ್ಯಾರಾಮೀಟರ್ ಬದಲಾದರೆ ಹೊಸ ಐಡೆಂಟ್ ಕೊಡಿ. ಡಿಪ್ಲಾಯ್ ನಡೆಯುವಾಗ ಹಳೆಯ ಪಿಯರ್‌ಗಳು ಇನ್ನೂ ಹಳೆಯ ರೀತಿಯಲ್ಲೇ ಕರೆಯುತ್ತಿರುತ್ತವೆ.

ಬೇರೆ ಡೇಟಾಬೇಸ್‌ಗಳಲ್ಲಿ ಹೇಗೆ?

ಡೇಟಾಸ್ಕ್ರಿಪ್ಟ್‌ನಲ್ಲಿ ಈ ಸಮಸ್ಯೆಯೇ ಇಲ್ಲ. ಎಲ್ಲ ಒಂದೇ ಪ್ರೊಸೆಸ್‌ನಲ್ಲಿ ಇರುವುದರಿಂದ ಫಂಕ್ಷನ್ ವ್ಯಾಲ್ಯೂವನ್ನೇ ನೇರ ಕೊಡಬಹುದು. ಮೊದಲು ಕ್ರಕ್ಸ್ ಅಂತ ಹೆಸರಿದ್ದ ಎಕ್ಸ್‌ಟಿಡಿಬಿಯ 1ನೇ ಆವೃತ್ತಿಯಲ್ಲಿ ಕೋಟ್ ಮಾಡಿದ ಫಂಕ್ಷನ್ ಫಾರ್ಮ್ ಅನ್ನು ಡಾಕ್ಯುಮೆಂಟ್ ಆಗಿ ಇಡುತ್ತಾರೆ. ಅಲ್ಲಿ ಮೊದಲ ಆರ್ಗ್ಯುಮೆಂಟ್ ಡೇಟಾಬೇಸ್ ಅಲ್ಲ, ಕಾಂಟೆಕ್ಸ್ಟ್. ಅದರಿಂದ ಡೇಟಾಬೇಸ್ ಕೇಳಿ ಪಡೆಯಬೇಕು. ಕೋಟ್‌ನ ತೊಂದರೆಗಳು ಅಲ್ಲೂ ಇವೆ, ಹಾಗಾಗಿ ಮೇಲಿನ ಮ್ಯಾಕ್ರೊವನ್ನು ಸ್ವಲ್ಪ ತಿದ್ದಿದರೆ ಅಲ್ಲಿಗೂ ಒದಗುತ್ತದೆ.

ಸುರಕ್ಷತೆ?

ಡೇಟಾಬೇಸ್‌ಗೆ ಬರೆಯಬಲ್ಲವರು ಟ್ರಾನ್ಸಾಕ್ಟರ್‌ನಲ್ಲಿ ಯಾವ ಕೋಡ್ ಬೇಕಾದರೂ ಓಡಿಸಬಲ್ಲರು. ಬಳಕೆದಾರರು ಕೊಟ್ಟ ಸ್ಟ್ರಿಂಗ್ ಎಂದೂ ಫಂಕ್ಷನ್‌ನ ಕೋಡ್ ಆಗಬಾರದು, ಆರ್ಗ್ಯುಮೆಂಟ್ ಆಗಿ ಮಾತ್ರ ಹೋಗಬೇಕು.

ಬೇಡವಾದ ಹಳೆಯ ಫಂಕ್ಷನ್ ತೆಗೆಯುವುದು ಹೇಗೆ?

ಅದರ ಐಡೆಂಟ್ ಹೇಳಿ ರಿಟ್ರಾಕ್ಟ್ ಎಂಟಿಟಿ ಮಾಡಿ. ಅದಕ್ಕೂ ಮುಂಚೆ, ಅದನ್ನು ಕರೆಯುವ ಪಿಯರ್ ಒಂದೂ ಉಳಿದಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ, ಮತ್ತೆ ಬೇಕೆನಿಸಿದರೆ ಹಳೆಯ ದಿನದ ಡೇಟಾಬೇಸ್‌ನಿಂದ ಕೋಡ್ ಓದಿಕೊಳ್ಳಬಹುದು.